ಸ್ತನ ಕ್ಯಾನ್ಸರ್: ಚಿಕ್ಕ ವಯಸ್ಸಿನಲ್ಲೂ ಬರುತ್ತದೆಯೇ?



ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಕೋಶ ವಿಭಜನೆ, ಹಾರ್ಮೋನುಗಳು, ಅನುವಂಶೀಯತೆ ಎಂಬ ಮೂರು ಪಾಠಗಳನ್ನು ಬೇರೆ ಬೇರೆಯಾಗಿ ಓದುತ್ತೀರಿ. ಈ ಮೂರೂ ಒಂದೇ ಕಡೆ ಸೇರುವ ವಿಷಯವೊಂದನ್ನು ಈ ಸಲ ನೋಡೋಣ. ಅದು ಸ್ತನ ಕ್ಯಾನ್ಸರ್. ಜೊತೆಗೆ ಸ್ವಲ್ಪ ಗಣಿತವೂ ಬೇಕು. ಶೇಕಡಾ ಲೆಕ್ಕ ಬಂದರೆ ಸಾಕು.

ತರಗತಿಯಲ್ಲಿ ಈ ಮಾತು ಎತ್ತಿದರೆ ಹುಡುಗಿಯರು ತಲೆ ತಗ್ಗಿಸುತ್ತಾರೆ, ಹುಡುಗರು ಮುಸಿಮುಸಿ ನಗುತ್ತಾರೆ. ಹೃದಯ, ಮೂತ್ರಪಿಂಡ ಅಂದಾಗ ಯಾರೂ ನಗುವುದಿಲ್ಲ. ಸ್ತನವೂ ಅವುಗಳ ಹಾಗೆಯೇ ಒಂದು ಅಂಗ, ಅದಕ್ಕೂ ಒಂದು ಕೆಲಸ ಇದೆ, ಅದಕ್ಕೂ ಕಾಯಿಲೆ ಬರುತ್ತದೆ. ನಾಚಿಕೆಯಿಂದ ಏನಾಗುತ್ತದೆ ಅನ್ನುವುದನ್ನು ಅಂಕಿಗಳಲ್ಲಿ ನೋಡಿ. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 6.7 ಲಕ್ಷ ಮಂದಿ ಅದರಿಂದ ಸತ್ತರು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಅದೇ ವರ್ಷ ಭಾರತದಲ್ಲಿ ಹೊಸ ರೋಗಿಗಳು ಸುಮಾರು 1 ಲಕ್ಷ 92 ಸಾವಿರ, ಸಾವು ಸುಮಾರು 98 ಸಾವಿರ. ಭಾಗಿಸಿ ನೋಡಿ. ಜಗತ್ತಿನಲ್ಲಿ 100 ಹೊಸ ರೋಗಿಗಳಿಗೆ 29 ಸಾವು, ನಮ್ಮಲ್ಲಿ 100ಕ್ಕೆ 51. ಯಾಕೆ ಇಷ್ಟು ವ್ಯತ್ಯಾಸ? ಇದಕ್ಕಿರುವ ಕಾರಣಗಳಲ್ಲಿ ದೊಡ್ಡದು ತಡ. ಗಂಟು ಕೈಗೆ ಸಿಕ್ಕಿದ ಮೇಲೂ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇದ್ದುಬಿಡುವುದು, ಕಾಯಿಲೆ ಮುಂದುವರಿದ ಮೇಲೆ ಆಸ್ಪತ್ರೆಗೆ ಹೋಗುವುದು. "ಇದೆಲ್ಲಾ ವಯಸ್ಸಾದವರಿಗೆ ಬರೋದು, ನನಗೇನೂ ಇರಲ್ಲ" ಅನ್ನುವ ನಂಬಿಕೆಯಿಂದ ಚಿಕ್ಕ ವಯಸ್ಸಿನವರು ಇನ್ನಷ್ಟು ತಡ ಮಾಡುತ್ತಾರೆ.

ಹೆಸರಿನಿಂದಲೇ ಶುರು ಮಾಡೋಣ

ಪೋತ್ತನೂರು, ಕೊಯಮತ್ತೂರು, ತಿರುಪ್ಪೂರು ಕಡೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರ ಮನೆಗಳು, ಒಕ್ಕಲಿಗರ ಮನೆಗಳು ಬಹಳ ಇವೆ. ಅಲ್ಲಿಯ ಮಕ್ಕಳಿಗೆ ಆಸ್ಪತ್ರೆಯ ಗೋಡೆಯ ಮೇಲೆ ಕಾಣುವ ಪದ 'ಪುಟ್ರುನೋಯ್'. ತಮಿಳಿನ ಪಕಾರ ಅನೇಕ ಕಡೆ ಕನ್ನಡದಲ್ಲಿ ಹಕಾರ ಆಗುತ್ತದೆ: ಪಾಲ್–ಹಾಲು, ಪಲ್–ಹಲ್ಲು. ಹಾಗೆಯೇ ಪುಟ್ರು ಅಂದರೆ ನಮ್ಮ ಹುತ್ತ. ನೋಯ್ ಅಂದರೆ ರೋಗ. ಹುತ್ತದ ಹಾಗೆ ಒಳಗಿನಿಂದ ಬೆಳೆಯುತ್ತಾ ಹೋಗುವ ರೋಗ ಎಂದು ಅರ್ಥ ಮಾಡಿಕೊಳ್ಳಬಹುದು. ಕನ್ನಡದಲ್ಲಿ ಅರ್ಬುದ ರೋಗ ಎಂಬ ಪದವಿದೆ. ಆದರೆ ಎಲ್ಲರ ಬಾಯಲ್ಲಿ ಇರುವುದು ಕ್ಯಾನ್ಸರ್ರೇ.

ನಮ್ಮ ದೇಹದ ಕೋಶಗಳು ಬೇಕಾದಾಗ ವಿಭಜನೆಯಾಗಿ, ಸಾಕಾದಾಗ ನಿಲ್ಲುತ್ತವೆ. ಪ್ರತಿ ವಿಭಜನೆಯಲ್ಲೂ ಡಿಎನ್ಎಯ ನಕಲು ತಯಾರಾಗಬೇಕು. ನಕಲು ಮಾಡುವಾಗ ತಪ್ಪುಗಳು ಆಗುತ್ತವೆ, ಹೆಚ್ಚಿನವು ಅಲ್ಲಲ್ಲೇ ರಿಪೇರಿಯೂ ಆಗುತ್ತವೆ. ರಿಪೇರಿಯಾಗದೆ ಉಳಿದ ತಪ್ಪುಗಳು ಒಂದೇ ಕೋಶದಲ್ಲಿ ಒಂದರ ಮೇಲೊಂದು ಸೇರಿ, 'ನಿಲ್ಲು' ಎನ್ನುವ ಸೂಚನೆಯೇ ಕೆಟ್ಟುಹೋದರೆ ಆ ಕೋಶ ವಿಭಜನೆಯಾಗುತ್ತಲೇ ಹೋಗುತ್ತದೆ. ಅದೇ ಕ್ಯಾನ್ಸರ್. ಸ್ತನದಲ್ಲಿ ಇದು ಹೆಚ್ಚಾಗಿ ಶುರುವಾಗುವುದು ಹಾಲು ಹರಿಯುವ ನಾಳಗಳ ಒಳಪದರದಲ್ಲಿ.

ಅಪಾಯದ ಅಂಶ ಅಂದರೇನು?

ಮಳೆಗಾಲದಲ್ಲಿ ಮೋಡ ಕವಿದಿದೆ ಅನ್ನಿ. ಮಳೆ ಬಂದೇ ಬರುತ್ತದೆ ಎಂದು ಹೇಳಲಾಗುವುದಿಲ್ಲ, ಬರುವ ಸಂಭವ ಹೆಚ್ಚು ಎಂದು ಹೇಳಬಹುದು. ಅಪಾಯದ ಅಂಶವೂ ಹೀಗೆಯೇ. ಅದು ಇದ್ದವರಲ್ಲಿ ರೋಗ ಬರುವ ಸಂಭವ, ಇಲ್ಲದವರಿಗಿಂತ ಹೆಚ್ಚು. ಒಬ್ಬರಿಗೆ ಎಲ್ಲಾ ಅಂಶಗಳಿದ್ದೂ ರೋಗ ಬರದೇ ಇರಬಹುದು. ಇನ್ನೊಬ್ಬರಿಗೆ ಯಾವುದೂ ಇಲ್ಲದೆ ಬರಬಹುದು. ಆದ್ದರಿಂದ ರೋಗ ಬಂದವರನ್ನು "ನೀವೇನೋ ತಪ್ಪು ಮಾಡಿರಬೇಕು" ಎಂದು ನೋಡುವುದು ವಿಜ್ಞಾನಕ್ಕೂ ದೂರ, ಮನುಷ್ಯತ್ವಕ್ಕೂ ದೂರ.

ಈ ಅಂಶಗಳನ್ನು ಕಂಡುಹಿಡಿದದ್ದು ಹೇಗೆ? ಇಟಲಿಯ ವೈದ್ಯ ರಾಮಾಜ್ಜೀನಿ 1713ರಲ್ಲೇ ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂದು ಬರೆದಿದ್ದ. ಅದು ಬರೀ ಗಮನಿಸಿ ಹೇಳಿದ ಮಾತು. 1926ರಲ್ಲಿ ಇಂಗ್ಲೆಂಡಿನ ವೈದ್ಯೆ ಜ್ಯಾನೆಟ್ ಲೇನ್-ಕ್ಲೇಪನ್ ಅದನ್ನು ಲೆಕ್ಕಕ್ಕೆ ತಂದರು. ಸ್ತನ ಕ್ಯಾನ್ಸರ್ ಇದ್ದ ಸುಮಾರು 500 ಮಹಿಳೆಯರು, ಇಲ್ಲದ ಸುಮಾರು 500 ಮಹಿಳೆಯರು, ಎರಡೂ ಗುಂಪಿಗೆ ಒಂದೇ ಪ್ರಶ್ನೆಗಳು: ಮದುವೆ ಯಾವಾಗ, ಮಕ್ಕಳೆಷ್ಟು, ಎದೆಹಾಲು ಕುಡಿಸಿದಿರಾ? ಎರಡು ಗುಂಪಿನ ಉತ್ತರಗಳನ್ನು ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಂಡಿತು. ರೋಗ ಬಂದವರಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಮದುವೆಯಾದ ವಯಸ್ಸು ಹೆಚ್ಚು. ಇಂದಿಗೂ ಈ ವಿಧಾನವನ್ನೇ ಬಳಸುತ್ತಾರೆ.

ನಮ್ಮ ದೇಶದಲ್ಲಿ ಇಂಥ ಲೆಕ್ಕಕ್ಕೆ ಬುನಾದಿ ಹಾಕಿದ್ದು ಕ್ಯಾನ್ಸರ್ ನೋಂದಣಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಲ್ಲಿ ಮುಂಬಯಿ, ಬೆಂಗಳೂರು, ಚೆನ್ನೈ ನಗರಗಳಲ್ಲಿ ಪ್ರತಿ ಹೊಸ ರೋಗಿಯ ವಿವರ ದಾಖಲಿಸತೊಡಗಿದರು. ಬೆಂಗಳೂರಿನಲ್ಲಿ ಈ ಕೆಲಸ ಕಿದ್ವಾಯಿ ಸ್ಮಾರಕ ಸಂಸ್ಥೆಯದು, ಚೆನ್ನೈಯಲ್ಲಿ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನದು. ಅಡ್ಯಾರಿನ ಸಂಸ್ಥೆಯನ್ನು 1954ರಲ್ಲಿ ಶುರು ಮಾಡಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ತಮ್ಮ ತಂಗಿ ಕ್ಯಾನ್ಸರಿನಿಂದ ಸತ್ತ ನೋವು ಅವರನ್ನು ಈ ಕೆಲಸಕ್ಕೆ ಹಚ್ಚಿತ್ತು. ನೋಂದಣಿಯ ಮೊದಲ ವರ್ಷಗಳಲ್ಲಿ ಬೆಂಗಳೂರು, ಚೆನ್ನೈ ಎರಡು ಕಡೆಯೂ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮುಂದಿತ್ತು. ಈಗ ಸ್ತನ ಕ್ಯಾನ್ಸರ್ ಮೊದಲನೆಯ ಸ್ಥಾನದಲ್ಲಿದೆ. ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಿಂದ ಹಳ್ಳಿಗಳ ನೋಂದಣಿ ನಡೆಯುತ್ತಿದೆ. ಅಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ದೊಡ್ಡ ನಗರಗಳಿಗಿಂತ ಬಹಳ ಕಡಿಮೆ. ಒಂದೇ ದೇಶ, ಬೇರೆ ಬೇರೆ ಬದುಕು, ಬೇರೆ ಬೇರೆ ಪ್ರಮಾಣ. ಹಾಗಾದರೆ ಬದುಕುವ ರೀತಿಗೂ ರೋಗಕ್ಕೂ ಏನೋ ಸಂಬಂಧ ಇದೆ ಎಂದಾಯಿತು.

ವಯಸ್ಸಿನ ಲೆಕ್ಕ: ಇಲ್ಲಿ ಎಚ್ಚರ

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುವ ಮಧ್ಯಮ ವಯಸ್ಸು 62. ನಮ್ಮಲ್ಲಿ 50ರ ಆಸುಪಾಸು. ಇದನ್ನು ನೋಡಿ "ಭಾರತದ ಹುಡುಗಿಯರಿಗೆ ಅಪಾಯ ಹೆಚ್ಚು" ಎಂದು ಹೇಳಿಬಿಡಬಹುದಾ? ಒಂದು ಲೆಕ್ಕ ಮಾಡೋಣ. ಇದು ಕಲ್ಪಿಸಿಕೊಂಡ ಲೆಕ್ಕ.

ಎರಡು ಊರು, ಎರಡರಲ್ಲೂ 50,000 ಮಹಿಳೆಯರು. ಎರಡೂ ಕಡೆ 30ರಿಂದ 49 ವಯಸ್ಸಿನ 10,000 ಮಂದಿಯಲ್ಲಿ ವರ್ಷಕ್ಕೆ 3 ಜನಕ್ಕೆ, 50ರಿಂದ 69 ವಯಸ್ಸಿನ 10,000 ಮಂದಿಯಲ್ಲಿ 10 ಜನಕ್ಕೆ ರೋಗ ಬರುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಊರಿನಲ್ಲಿ ಚಿಕ್ಕವರು 40,000, ದೊಡ್ಡವರು 10,000. ರೋಗಿಗಳು 12 ಮತ್ತು 10. ಅಂದರೆ 22ರಲ್ಲಿ 12 ಮಂದಿ, ಶೇ. 55, ಚಿಕ್ಕವರು. ಎರಡನೆಯ ಊರಿನಲ್ಲಿ ಚಿಕ್ಕವರು 20,000, ದೊಡ್ಡವರು 30,000. ರೋಗಿಗಳು 6 ಮತ್ತು 30. ಅಂದರೆ 36ರಲ್ಲಿ 6 ಮಂದಿ, ಸುಮಾರು ಶೇ. 17, ಚಿಕ್ಕವರು. ಎರಡೂ ಊರಿನ ಒಬ್ಬೊಬ್ಬ ಹುಡುಗಿಗೆ ಇರುವ ಅಪಾಯ ಒಂದೇ. ಊರಿನ ಜನಸಂಖ್ಯೆಯ ಸ್ವರೂಪ ಮಾತ್ರ ಬೇರೆ.

ಭಾರತ ಎಳೆಯರ ದೇಶ. ಹಾಗಾಗಿ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಚಿಕ್ಕವರ ಪಾಲು ದೊಡ್ಡದಾಗಿ ಕಾಣುತ್ತದೆ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ವಯಸ್ಸು ಏರಿದ ಹಾಗೆ ಅಪಾಯ ಏರುತ್ತದೆ, ಇಪ್ಪತ್ತರ ಹರೆಯದಲ್ಲಿ ಅದು ತೀರಾ ಕಡಿಮೆ. ಆದರೂ ಮೂವತ್ತು ನಲವತ್ತರ ಅಮ್ಮಂದಿರು, ಚಿಕ್ಕಮ್ಮಂದಿರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ. ಹಾಗಾಗಿ ರೋಗಿಗಳ ಸಂಖ್ಯೆ ಸಣ್ಣದಲ್ಲ.

ಬದಲಿಸಲಾಗದ ಅಂಶಗಳು

ಮೊದಲನೆಯದು ಹೆಣ್ಣಾಗಿರುವುದು. ಗಂಡಸರಿಗೂ ಸ್ತನದ ಅಂಗಾಂಶ ಇದೆ, ಅವರಿಗೂ ಈ ಕ್ಯಾನ್ಸರ್ ಬರುತ್ತದೆ. ನೂರು ರೋಗಿಗಳಲ್ಲಿ ಸುಮಾರು ಒಬ್ಬರು ಗಂಡಸು.

ಎರಡನೆಯದು ಹಾರ್ಮೋನು. ಪ್ರತಿ ಋತುಚಕ್ರದಲ್ಲೂ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಸ್ತನದ ಕೋಶಗಳನ್ನು ವಿಭಜನೆಗೆ ಹುರಿದುಂಬಿಸುತ್ತವೆ. ಹೆಚ್ಚು ವಿಭಜನೆ ಎಂದರೆ ನಕಲಿನಲ್ಲಿ ತಪ್ಪಾಗಲು ಹೆಚ್ಚು ಅವಕಾಶ. 117 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಮೊದಲ ಮುಟ್ಟು ಒಂದು ವರ್ಷ ಬೇಗ ಬಂದರೆ ಅಪಾಯ ಶೇ. 5ರಷ್ಟು ಹೆಚ್ಚು. ಮುಟ್ಟು ನಿಲ್ಲುವುದು ಒಂದು ವರ್ಷ ತಡವಾದರೆ ಸುಮಾರು ಶೇ. 3ರಷ್ಟು ಹೆಚ್ಚು. ಬೇಗ ದೊಡ್ಡವಳಾದ ಹುಡುಗಿ ಇದನ್ನು ಓದಿ ಹೆದರಬೇಕಾಗಿಲ್ಲ. ತೀರಾ ಸಣ್ಣ ಸಂಖ್ಯೆಯ ಶೇ. 5 ಇನ್ನೂ ಸಣ್ಣದು.

ಮೂರನೆಯದು ಅನುವಂಶೀಯತೆ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಎರಡು ವಂಶವಾಹಿಗಳು ನಮ್ಮೆಲ್ಲರಲ್ಲೂ ಇವೆ, ಗಂಡಸರಲ್ಲೂ ಇವೆ. ಡಿಎನ್ಎ ತುಂಡಾದಾಗ ಸರಿಮಾಡುವುದು ಇವುಗಳ ಕೆಲಸ. ಸ್ಪಿನ್ನಿಂಗ್ ಮಿಲ್ಲಿನಲ್ಲಿ ಕಡಿದ ನೂಲನ್ನು ಮತ್ತೆ ಕೂಡಿಸುವ ಕೈಯ ಹಾಗೆ. ಆ ಕೈಯೇ ಕೆಲಸ ನಿಲ್ಲಿಸಿದರೆ ಕಡಿದದ್ದೆಲ್ಲಾ ಹಾಗೇ ಉಳಿಯುತ್ತದೆ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಮೊದಲ ವಂಶವಾಹಿ 17ನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. ಎರಡನೆಯದು 13ನೇ ವರ್ಣತಂತುವಿನಲ್ಲಿದೆ. ಇವುಗಳಲ್ಲಿ ಹಾನಿಕಾರಕ ಬದಲಾವಣೆ ಇದ್ದ 100 ಮಹಿಳೆಯರಲ್ಲಿ ಸುಮಾರು 70 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ದೊಡ್ಡ ಅಧ್ಯಯನವೊಂದು ಹೇಳಿದೆ, ಅದೂ ಅನೇಕ ಸಲ ಚಿಕ್ಕ ವಯಸ್ಸಿನಲ್ಲೇ. ಆದರೆ ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ವಂಶದಿಂದ ಬರುವುದು ಶೇ. 5ರಿಂದ 10 ಮಾತ್ರ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಸುಮ್ಮನಿರುವುದು ಸರಿಯಲ್ಲ ಅನ್ನುವುದಕ್ಕೆ ಇದೇ ಕಾರಣ.

ಇನ್ನೊಂದು ವಿಷಯ. ಈ ವರ್ಣತಂತುಗಳು ಲಿಂಗ ವರ್ಣತಂತುಗಳಲ್ಲ. ಬದಲಾವಣೆ ಅಮ್ಮನಿಂದಲೂ ಬರಬಹುದು, ಅಪ್ಪನಿಂದಲೂ ಬರಬಹುದು. ಮಗಳಿಗೂ ಮಗನಿಗೂ ಸಂಭವ ಅರ್ಧರ್ಧ. ಆದ್ದರಿಂದ ಮನೆಯ ಚರಿತ್ರೆ ಕೇಳುವಾಗ ಅಮ್ಮ, ಅಜ್ಜಿ, ಚಿಕ್ಕಮ್ಮ ಮಾತ್ರ ಸಾಲದು. ಸೋದರತ್ತೆ, ಅಪ್ಪನ ಅಮ್ಮ ಇವರನ್ನೂ ಕೇಳಬೇಕು.

ನಾಲ್ಕನೆಯದು ಚಿಕ್ಕಂದಿನಲ್ಲಿ ಎದೆಯ ಭಾಗಕ್ಕೆ ಬಿದ್ದ ಹೆಚ್ಚು ವಿಕಿರಣ. ಹಿರೋಶಿಮಾ, ನಾಗಾಸಾಕಿಯಲ್ಲಿ ಬಾಂಬು ಬಿದ್ದಾಗ ಇಪ್ಪತ್ತರ ಒಳಗಿದ್ದ ಹುಡುಗಿಯರಲ್ಲಿ ದಶಕಗಳ ನಂತರ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಬೇರೆ ಕ್ಯಾನ್ಸರಿಗಾಗಿ ಹರೆಯದಲ್ಲಿ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರೂ ಮುಂದೆ ತಪಾಸಣೆಯಲ್ಲಿ ಇರಬೇಕಾಗುತ್ತದೆ.

ಬದುಕಿನ ಜೊತೆ ಬದಲಾಗುವ ಅಂಶಗಳು

ಎದೆಹಾಲು: 30 ದೇಶಗಳ 47 ಅಧ್ಯಯನಗಳನ್ನು ಸೇರಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ತಾಯಿ ಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು, ಪ್ರತಿ ಹೆರಿಗೆಗೆ ಶೇ. 7ರಷ್ಟು ಇಳಿಯುತ್ತದೆ ಎಂದು ತಿಳಿಯಿತು. ಆದರೆ ಹೆರಿಗೆಯಾದ ಮೊದಲ ಕೆಲವು ವರ್ಷ ಅಪಾಯ ಸ್ವಲ್ಪ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಎಳೆಗೂಸಿನ ತಾಯಿಗೆ ಗಂಟು ಕಂಡರೆ "ಹಾಲು ಕಟ್ಟಿಕೊಂಡಿರಬೇಕು ಬಿಡು" ಎಂದು ಬಿಡಬಾರದು. ಎರಡು ವಾರದಲ್ಲಿ ಕರಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಇನ್ನು ಬೇಗ ಮದುವೆ ಮಾಡಿ, ಹೆಚ್ಚು ಮಕ್ಕಳು ಹೆರಲಿ ಎಂದು ಇದರ ಅರ್ಥ ಮಾಡಬೇಡಿ. ಎಳವೆಯ ಹೆರಿಗೆಯ ಅಪಾಯಗಳು ಬೇರೆಯೇ ಇವೆ.

ಕುಡಿತ: ದಿನಕ್ಕೆ 10 ಗ್ರಾಂ ಮದ್ಯಸಾರ ಸೇವಿಸಿದರೂ ಅಪಾಯ ಶೇ. 7ರಷ್ಟು ಏರುತ್ತದೆ.

ತೂಕ ಮತ್ತು ಓಡಾಟ: ಮುಟ್ಟು ನಿಂತ ಮೇಲೆ ದೇಹದ ಕೊಬ್ಬೇ ಈಸ್ಟ್ರೋಜನ್ ತಯಾರಿಸುವ ಜಾಗ. ಆದ್ದರಿಂದ ಆ ವಯಸ್ಸಿನಲ್ಲಿ ಬೊಜ್ಜು ಅಪಾಯ ಹೆಚ್ಚಿಸುತ್ತದೆ. ವ್ಯಾಯಾಮ ಎಲ್ಲಾ ವಯಸ್ಸಿನಲ್ಲೂ ಸ್ವಲ್ಪ ರಕ್ಷಣೆ ಕೊಡುತ್ತದೆ. ನಿಮ್ಮ ವಯಸ್ಸಿನವರು ದಿನಕ್ಕೆ ಕನಿಷ್ಠ 60 ನಿಮಿಷ ಓಡಾಡಬೇಕು, ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವಳಾದಳು ಎಂದು ಹುಡುಗಿಯನ್ನು ಆಟದ ಮೈದಾನದಿಂದ ಬಿಡಿಸುವುದು ಈ ದೃಷ್ಟಿಯಿಂದಲೂ ತಪ್ಪು.

ಗರ್ಭನಿರೋಧಕ ಹಾರ್ಮೋನ್ ಮಾತ್ರೆ: ಡೆನ್ಮಾರ್ಕಿನಲ್ಲಿ 18 ಲಕ್ಷ ಮಹಿಳೆಯರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪಾಯ ಶೇ. 20ರಷ್ಟು ಹೆಚ್ಚು ಎಂದು ಕಂಡಿತು. ಶೇ. 20 ಅಂದಾಗ ಎದೆ ಧಸಕ್ ಅನ್ನುತ್ತದೆ. ಅದೇ ಅಧ್ಯಯನದ ಇನ್ನೊಂದು ವಾಕ್ಯ ಓದಿ: ವರ್ಷಕ್ಕೆ ಲಕ್ಷ ಮಂದಿಯಲ್ಲಿ 13 ರೋಗಿಗಳು ಹೆಚ್ಚು, ಅಂದರೆ ಸುಮಾರು 7,690 ಮಹಿಳೆಯರಲ್ಲಿ ಒಬ್ಬರು. ಎರಡೂ ನಿಜ. ಮೊದಲನೆಯದು ಹೋಲಿಕೆಯ ಅಪಾಯ, ಎರಡನೆಯದು ನಿಜವಾದ ಏರಿಕೆ. ಪತ್ರಿಕೆಯಲ್ಲಿ ಇನ್ನು ಮೇಲೆ 'ಇಷ್ಟು ಶೇಕಡಾ ಹೆಚ್ಚು' ಎಂದು ಕಂಡರೆ "ಎಷ್ಟರಲ್ಲಿ ಹೆಚ್ಚು?" ಎಂದು ಕೇಳಿ.

ರಾತ್ರಿ ಪಾಳಿಯ ಪ್ರಶ್ನೆ

ಇದು ನಮ್ಮ ಕಡೆಯವರಿಗೆ ಹತ್ತಿರದ ಮಾತು. ಕೊಯಮತ್ತೂರಿನಲ್ಲಿ 1888ರಿಂದ ಮಿಲ್ಲುಗಳಿವೆ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳು, ಪೋತ್ತನೂರಿನಲ್ಲಿ ರೈಲ್ವೆ ಜಂಕ್ಷನ್, ಎಲ್ಲಾ ಊರುಗಳಲ್ಲೂ ಆಸ್ಪತ್ರೆ. ನರ್ಸ್ ಅಕ್ಕಂದಿರು, ಮಿಲ್ಲಿನ ಹುಡುಗಿಯರು ಪಾಳಿಯಲ್ಲಿ ದುಡಿಯುತ್ತಾರೆ. ರಾತ್ರಿಯ ಬೆಳಕು ಮೆಲಟೋನಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ, ದೇಹದ ಗಡಿಯಾರ ಏರುಪೇರಾಗುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ 2ಎ ಗುಂಪಿಗೆ ಸೇರಿಸಿತು. 'ಬಹುಶಃ ಕ್ಯಾನ್ಸರಿಗೆ ಕಾರಣ' ಎಂದು ಅದರ ಅರ್ಥ. ಅಮೆರಿಕದ ನರ್ಸುಗಳ ಅಧ್ಯಯನದಲ್ಲಿ, ಹರೆಯದಿಂದಲೇ ಅನೇಕ ವರ್ಷ ಸರದಿ ರಾತ್ರಿ ಪಾಳಿ ಮಾಡಿದವರಲ್ಲಿ ಅಪಾಯ ಹೆಚ್ಚು ಕಂಡಿತು. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಅದಕ್ಕೇ 'ಬಹುಶಃ' ಎಂಬ ಪದ ಉಳಿದಿದೆ. ಕೆಲಸ ಬಿಡಿ ಎಂದು ಯಾರಿಗೂ ಹೇಳುವ ಹಾಗಿಲ್ಲ, ಅದು ಮನೆಯ ಅನ್ನ. ಆದರೆ ಪಾಳಿಯಲ್ಲಿ ದುಡಿಯುವ ಅಕ್ಕ ಹಗಲು ಮಲಗಿದಾಗ ಕೋಣೆ ಕತ್ತಲಾಗಿರಲಿ, ಟಿವಿ ಸದ್ದು ಇಲ್ಲದಿರಲಿ. ಅಷ್ಟನ್ನು ನೀವು ಮಾಡಬಹುದು.

ಕಾರಣ ಅಲ್ಲದವು

ಬಿಗಿಯಾದ ಒಳಉಡುಪು, ಎದೆಗೆ ಬಿದ್ದ ಏಟು, ಕಣ್ಣು ತಾಗುವುದು ಇವು ಯಾವುವೂ ಕಾರಣವಲ್ಲ. ರೋಗಿಯ ಜೊತೆ ಉಂಡರೆ, ಅವರ ಬಟ್ಟೆ ಮುಟ್ಟಿದರೆ ಅಂಟುವುದಿಲ್ಲ. ಚಿಕಿತ್ಸೆಯಲ್ಲಿರುವ ಅಮ್ಮನ ತಟ್ಟೆ ಲೋಟ ಬೇರೆ ಇಡುವ ಮನೆ ಇದ್ದರೆ, ಹಾಗೆ ಮಾಡಬೇಕಾಗಿಲ್ಲ ಎಂದು ನೀವೇ ಹೇಳಿ.

ಏನು ಗಮನಿಸಬೇಕು, ಏನು ಮಾಡಬೇಕು?

ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು, ಚರ್ಮ ಗುಳಿ ಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬೆರೆತ ದ್ರವ, ಆಕಾರದಲ್ಲಿ ಹೊಸ ಬದಲಾವಣೆ. ಇವಿಷ್ಟು ನೆನಪಿರಲಿ. ನೋವಿಲ್ಲ ಅಂದರೆ ಪರವಾಗಿಲ್ಲ ಎಂದು ತಿಳಿಯಬೇಡಿ, ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಇನ್ನೊಂದು ಕಡೆ, ಹರೆಯದ ಹುಡುಗಿಯರ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲದ ನಾರುಗಂಟುಗಳು. ಯಾವುದು ಯಾವುದೆಂದು ಕೈಯಿಂದ ಮುಟ್ಟಿ ನಾವೇ ತೀರ್ಮಾನಿಸಲಾಗದು. ಡಾಕ್ಟರು ಸ್ಕ್ಯಾನ್ ಮಾಡಿ, ಬೇಕಾದರೆ ಸೂಜಿಯಿಂದ ಕೋಶ ತೆಗೆದು ನೋಡಿ ಹೇಳಬೇಕು. ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂ ಚಿತ್ರದಲ್ಲಿ ಗಂಟು ಮರೆಯಾಗಬಹುದು. ಹಾಗಾಗಿ ಅಲ್ಟ್ರಾಸೌಂಡ್ ಮಾಡುತ್ತಾರೆ.

ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30ರಿಂದ 65 ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಇದೆ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಸುಮಾರು ಒಂದೂವರೆ ಲಕ್ಷ ಮಹಿಳೆಯರೊಂದಿಗೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ತಗ್ಗಿತು. 50ರ ಒಳಗಿನವರಲ್ಲಿ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಅಂದ ಮೇಲೆ ಚಿಕ್ಕವರಿಗೆ ತಪಾಸಣೆಯ ದಿನಕ್ಕೆ ಕಾಯುವುದಕ್ಕಿಂತ, ಬದಲಾವಣೆ ಕಂಡ ಕೂಡಲೇ ಹೋಗಿ ತೋರಿಸುವುದು ಮುಖ್ಯ. ಹುಡುಗರೇ, ಅಮ್ಮನನ್ನೋ ಅಕ್ಕನನ್ನೋ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ನೀವೇ ಆಗಿರಬಹುದು. ಅದಕ್ಕೇ ಈ ಪಾಠ ನಿಮಗೂ ಸೇರಿದೆ.

ನೀವೇ ಮಾಡಿ ನೋಡಿ

1. ಮೇಲಿನ ಎರಡು ಊರುಗಳ ಲೆಕ್ಕದಲ್ಲಿ ಚಿಕ್ಕವರು 30,000, ದೊಡ್ಡವರು 20,000 ಇರುವ ಮೂರನೆಯ ಊರನ್ನು ಸೇರಿಸಿ. ರೋಗಿಗಳಲ್ಲಿ ಚಿಕ್ಕವರ ಪಾಲು ಶೇಕಡಾ ಎಷ್ಟು?

2. ಒಂದು ರೋಗ 10,000 ಮಂದಿಯಲ್ಲಿ 2 ಜನಕ್ಕೆ ಬರುತ್ತದೆ. ಒಂದು ಅಭ್ಯಾಸದಿಂದ ಅಪಾಯ ಶೇ. 50 ಏರಿದರೆ 10,000 ಮಂದಿಯಲ್ಲಿ ಎಷ್ಟು ಜನ ಹೆಚ್ಚಾದರು?

3. ಬಿಆರ್‌ಸಿಎ1ರಲ್ಲಿ ಬದಲಾವಣೆ ಇರುವ ಅಪ್ಪನಿಗೆ ಒಬ್ಬ ಮಗ, ಒಬ್ಬ ಮಗಳು. ಇಬ್ಬರಿಗೂ ಅದು ಬಾರದಿರುವ ಸಂಭವ ಎಷ್ಟು? ಚೌಕ ಹಾಕಿ ತೋರಿಸಿ.

4. ಲೇನ್-ಕ್ಲೇಪನ್ ರೋಗ ಬಂದವರನ್ನು ಮಾತ್ರ ಕೇಳಿ, ಬಾರದವರನ್ನು ಕೇಳದೇ ಬಿಟ್ಟಿದ್ದರೆ ಏನು ತಿಳಿಯುತ್ತಿರಲಿಲ್ಲ? ಎರಡು ವಾಕ್ಯದಲ್ಲಿ ಬರೆಯಿರಿ.

5. ನಿಮ್ಮ ಮನೆಯಲ್ಲಿ 30 ದಾಟಿದ ಹೆಂಗಸರಲ್ಲಿ ಯಾರು ಯಾರು ತಪಾಸಣೆ ಮಾಡಿಸಿದ್ದಾರೆ ಎಂದು ಕೇಳಿ. ಉತ್ತರವನ್ನು ತರಗತಿಯಲ್ಲಿ ಹೇಳಬೇಕಾಗಿಲ್ಲ. ಮಾಡಿಸದವರಿಗೆ ಹತ್ತಿರದ ಆರೋಗ್ಯ ಕೇಂದ್ರ ಎಲ್ಲಿದೆ, ಯಾವ ದಿನ ಹೋಗಬೇಕು ಎಂದು ವಿಚಾರಿಸಿಕೊಂಡು ಬಂದು ಅವರಿಗೆ ತಿಳಿಸಿ.